ಒತ್ತಡದ ಕೆಲಸ ಬಿಟ್ಟು ಬೇರೆ ಕಡೆ ಸೇರಬೇಕೇ? ನಿರ್ಧರಿಸುವ ಮುನ್ನ ಹಂತ ಹಂತವಾಗಿ ನೋಡಬೇಕಾದದ್ದು

“ಈಗಿನ ಕೆಲಸದ ಒತ್ತಡ ತಡೆಯಲಾಗುತ್ತಿಲ್ಲ, ಬೇರೆ ಕಂಪನಿಯಿಂದ ಆಫರ್ ಬಂದಿದೆ, ಹೋಗಲೇ, ಬೇಡವೇ?” ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬೆಂಗಳೂರಿನ ಐಟಿ ಉದ್ಯೋಗಿಗಳು, ಜಿಲ್ಲಾ ಕೇಂದ್ರಗಳ ಖಾಸಗಿ ಬ್ಯಾಂಕ್ ಶಾಖೆಗಳಲ್ಲಿ ದುಡಿಯುವವರು, ಖಾಸಗಿ ಶಾಲೆ–ಆಸ್ಪತ್ರೆಗಳ ಸಿಬ್ಬಂದಿ ಎಲ್ಲರೂ ಇದನ್ನೇ ಕೇಳುತ್ತಾರೆ. ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಸೇರಿಕೊಂಡಿವೆ: ಇಲ್ಲಿಂದ ಹೊರಡಬೇಕೇ ಎಂಬುದು ಒಂದು, ಅಲ್ಲಿಗೇ ಸೇರಬೇಕೇ ಎಂಬುದು ಇನ್ನೊಂದು. ದಣಿದ ಮನಸ್ಸು ಮೊದಲನೆಯದಕ್ಕೆ ಸಿಕ್ಕ ‘ಹೌದು’ ಎಂಬ ಉತ್ತರವನ್ನೇ ಎರಡನೆಯದಕ್ಕೂ ಒಪ್ಪಿಸಿಬಿಡುತ್ತದೆ. ಆರು ತಿಂಗಳ ನಂತರ ಹೊಸ ಜಾಗದಲ್ಲೂ ಅದೇ ಸಂಕಟ ಎದುರಾಗುವುದಕ್ಕೆ ಬಹುಪಾಲು ಇದೇ ಕಾರಣ. ಆದ್ದರಿಂದ ಇವೆರಡನ್ನೂ ಬೇರೆ ಬೇರೆಯಾಗಿ ತೂಗುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಈ ಮಾರ್ಗದರ್ಶಿ ಮುಖ್ಯವಾಗಿ ಖಾಸಗಿ ಉದ್ಯೋಗಿಗಳಿಗೆ. ಸರ್ಕಾರಿ ನೌಕರಿಯಲ್ಲಿರುವವರು ಬೇರೆ ಸರ್ಕಾರಿ ಹುದ್ದೆಗೆ ಹೋಗುವಾಗ ಇಲಾಖೆಯ ಮೂಲಕವೇ ಅರ್ಜಿ ಸಲ್ಲಿಸಿ, ಅನುಮತಿ ಪಡೆದು ಹೋಗಬೇಕು. ನೇರವಾಗಿ ರಾಜೀನಾಮೆ ಕೊಟ್ಟರೆ ಹಿಂದಿನ ಸೇವಾವಧಿಯೇ ಲೆಕ್ಕದಿಂದ ಹೊರಗುಳಿಯುವ ಅಪಾಯವಿದೆ.

ಕೂರುವ ಮುನ್ನ ಇವುಗಳನ್ನು ಒಂದೆಡೆ ಇಟ್ಟುಕೊಳ್ಳಿ: ಈಗಿನ ಕೆಲಸದ ನೇಮಕಾತಿ ಪತ್ರ, ನೀವು ಸಹಿ ಹಾಕಿರುವ ಬಾಂಡ್ ಏನಾದರೂ ಇದ್ದರೆ ಅದರ ಪ್ರತಿ, ಕಳೆದ ಮೂರು ತಿಂಗಳ ಪೇ ಸ್ಲಿಪ್, ಪಿಎಫ್ ಪಾಸ್‌ಬುಕ್, ಸಾಲಗಳ ಕಂತಿನ ವಿವರ, ಆರೋಗ್ಯ ವಿಮೆಯ ಕಾಗದ, ಬಂದಿದ್ದರೆ ಹೊಸ ಆಫರ್ ಲೆಟರ್. ಜೊತೆಗೆ ಒಂದು ಸಾಧಾರಣ ನೋಟ್‌ಬುಕ್ ಬೇಕು. ಅದನ್ನು ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಬರೆಯಬೇಡಿ.

1. ಮೊದಲು ದೇಹ–ಮನಸ್ಸಿನ ಸ್ಥಿತಿ ನೋಡಿಕೊಳ್ಳಿ

ವಾರಗಟ್ಟಲೆ ನಿದ್ದೆ ಬಾರದಿರುವುದು, ಭಾನುವಾರ ಸಂಜೆಯಾದರೆ ಎದೆ ಹೊಡೆದುಕೊಳ್ಳುವುದು, ಮನೆಯವರ ಮೇಲೆ ಕಾರಣವಿಲ್ಲದೆ ರೇಗುವುದು, ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸಕ್ಕೂ ಕೈ ಏಳದಿರುವುದು ಕಂಡುಬಂದರೆ, ಉದ್ಯೋಗದ ನಿರ್ಧಾರಕ್ಕಿಂತ ಮೊದಲು ವೈದ್ಯರ ಭೇಟಿ ಆಗಬೇಕು. ‘ಬರ್ನ್‌ಔಟ್’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಅದನ್ನು ಕಾಯಿಲೆ ಎನ್ನದೆ, ಕೆಲಸದ ಸ್ಥಳದ ದೀರ್ಘಕಾಲದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ವಿವರಿಸಿದೆ. ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡುವ ಕೆಲಸದ ಪರಿಣಾಮ ಕುಗ್ಗುವುದು ಅದರ ಮೂರು ಲಕ್ಷಣಗಳು. ಕೆಲಸದ ಅವಧಿಯೂ ಲಘುವಾಗಿ ಪರಿಗಣಿಸುವ ವಿಷಯವಲ್ಲ: ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಸುಮಾರು 35 ಪ್ರತಿಶತ ಹೆಚ್ಚು ಎಂದು ಇದೇ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಅಂದಾಜು ಮಾಡಿವೆ.

ತಕ್ಷಣ ಯಾರೊಡನಾದರೂ ಮಾತಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ. ಕರೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲಿಯೇ ಮಾತಾಡಬಹುದು. ಜೀವ ಬೇಡವೆನ್ನುವ ಯೋಚನೆ ಒಮ್ಮೆ ಬಂದಿದ್ದರೂ ಈ ಲೇಖನದ ಉಳಿದ ಹಂತಗಳನ್ನು ಬದಿಗಿಟ್ಟು, ಇಂದೇ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿ. ಅಂಥ ಸ್ಥಿತಿಯಲ್ಲಿ ವೈದ್ಯಕೀಯ ರಜೆ ಹಾಕಿ ಹೊರಬರುವುದು, ಅಗತ್ಯವಾದರೆ ಬೇರೆ ಕೆಲಸ ಸಿಗುವ ಮೊದಲೇ ಬಿಡುವುದು, ಖಂಡಿತ ಸರಿಯಾದ ನಿರ್ಧಾರ.

2. ಒತ್ತಡ ಎಲ್ಲಿಂದ ಬರುತ್ತಿದೆ ಎಂಬುದನ್ನು ಬರೆದು ಕಂಡುಕೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಎರಡು ವಾರ, ಪ್ರತಿದಿನ ಮಲಗುವ ಮುನ್ನ, ಆ ದಿನ ಅತಿ ಹೆಚ್ಚು ಹಿಂಸೆಯಾದ ಕ್ಷಣ ಯಾವುದು, ಆಗ ಏನು ನಡೆಯುತ್ತಿತ್ತು, ಯಾರಿದ್ದರು ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ. “ಕೆಲಸ ಜಾಸ್ತಿ” ಎಂದು ಬರೆದರೆ ಉಪಯೋಗವಿಲ್ಲ. “ಸಂಜೆ ಆರೂವರೆಗೆ ಹೊರಡುವಾಗ ನಾಳೆ ಬೆಳಿಗ್ಗೆಯೊಳಗೆ ವರದಿ ಬೇಕೆಂದು ಮ್ಯಾನೇಜರ್ ವಾಟ್ಸ್‌ಆ್ಯಪ್‌ನಲ್ಲಿ ಹೇಳಿದರು; ಈ ವಾರ ಇದು ಮೂರನೆಯ ಸಲ” ಎಂದು ಬರೆದರೆ ಉಪಯೋಗವಿದೆ.

ಎರಡು ವಾರಗಳ ನಂತರ ಪ್ರತಿ ನಮೂದಿನ ಪಕ್ಕದಲ್ಲಿ ಒಂದು ಗುರುತು ಹಾಕಿ. ಅದು ಒಬ್ಬ ವ್ಯಕ್ತಿಯಿಂದ ಬಂದ ಒತ್ತಡವೇ? ಆ ಸಂಸ್ಥೆಯ ಪದ್ಧತಿಯಿಂದ ಬಂದದ್ದೇ, ಅಂದರೆ ಇಬ್ಬರ ಕೆಲಸಕ್ಕೆ ಒಬ್ಬರನ್ನಿಡುವುದು, ರಜೆ ಕೊಡದಿರುವುದು, ತಲುಪಲಾಗದ ಟಾರ್ಗೆಟ್ ಇಂಥವೇ? ಅಥವಾ ಆ ವೃತ್ತಿಯ ಸ್ವಭಾವವೇ ಹಾಗಿದೆಯೇ? ಪ್ರಯಾಣ, ಮನೆಯ ಹೊಣೆ, ಸಾಲ, ಅನಾರೋಗ್ಯದಂಥ ಹೊರಗಿನ ಕಾರಣವೇ?

ಉತ್ತರವನ್ನು ಅವಲಂಬಿಸಿ ಮುಂದಿನ ದಾರಿ ಪೂರ್ತಿ ಬದಲಾಗುತ್ತದೆ. ವ್ಯಕ್ತಿಯೊಬ್ಬರೇ ಕಾರಣವಾದರೆ ಅದೇ ಸಂಸ್ಥೆಯ ಬೇರೆ ತಂಡವೋ ಶಾಖೆಯೋ ಸಾಕಾಗಬಹುದು. ಸಂಸ್ಥೆಯ ಪದ್ಧತಿಯೇ ಕಾರಣವಾದರೆ ಕಂಪನಿ ಬದಲಿಸುವುದರಿಂದ ನಿಜವಾದ ಪ್ರಯೋಜನವಿದೆ. ವೃತ್ತಿಯ ಸ್ವಭಾವವೇ ಕಾರಣವಾದರೆ, ಒಂದು ಬ್ಯಾಂಕಿನ ಮಾರಾಟ ವಿಭಾಗದಿಂದ ಇನ್ನೊಂದು ಬ್ಯಾಂಕಿನ ಮಾರಾಟ ವಿಭಾಗಕ್ಕೆ ಹೋದವರಿಗೆ ಟಾರ್ಗೆಟ್ ಬದಲಾಗುತ್ತದೆಯೇ ಹೊರತು ಟಾರ್ಗೆಟ್‌ನ ಬದುಕು ಬದಲಾಗುವುದಿಲ್ಲ. ಅಲ್ಲಿ ಬದಲಾಗಬೇಕಾದದ್ದು ಹುದ್ದೆಯ ಬಗೆ. ಹೊರಗಿನ ಕಾರಣಗಳಿಗೆ ಹೊಸ ಕೆಲಸ ಮದ್ದಲ್ಲ, ಪ್ರಯಾಣವೊಂದನ್ನು ಬಿಟ್ಟು.

ಇಲ್ಲಿ ಒಂದು ಎಚ್ಚರಿಕೆ. ವಾರ್ಷಿಕ ಮೌಲ್ಯಮಾಪನದ ವಾರ, ದೊಡ್ಡ ಪ್ರಾಜೆಕ್ಟ್ ಮುಗಿಯುವ ವಾರ, ಮಾರ್ಚ್ ತಿಂಗಳ ಲೆಕ್ಕಪತ್ರದ ದಿನಗಳಲ್ಲಿ ಬರೆದ ನಮೂದುಗಳನ್ನೇ ಆಧಾರವಾಗಿಸಿಕೊಳ್ಳಬೇಡಿ. ಅಂಥ ಸಮಯವಾದರೆ ಇನ್ನೆರಡು ವಾರ ಬರೆಯಿರಿ.

3. ಇದ್ದಲ್ಲೇ ಸರಿಹೋಗಬಹುದಾದದ್ದನ್ನು ಒಮ್ಮೆ ಕೇಳಿ ನೋಡಿ

ಒಂದೇ ಒಂದು ನಿರ್ದಿಷ್ಟ ಬದಲಾವಣೆಯನ್ನು ಆರಿಸಿ, ಮೇಲಧಿಕಾರಿಯ ಮುಂದೆ ಮಾತಿನಲ್ಲಿ ಕೇಳಿ, ಆಮೇಲೆ ಅದನ್ನೇ ಇಮೇಲ್‌ನಲ್ಲಿ ಬರೆದು ಕಳಿಸಿ. ವಾರಕ್ಕೆರಡು ದಿನ ಮನೆಯಿಂದ ಕೆಲಸ, ಒಂದು ಗ್ರಾಹಕನ ಹೊಣೆಯನ್ನು ಬೇರೆಯವರಿಗೆ ವಹಿಸುವುದು, ರಾತ್ರಿ ಪಾಳಿಯಿಂದ ಬಿಡುಗಡೆ ಇಂಥ ಅಳೆಯಬಹುದಾದ ಕೋರಿಕೆಗೆ ‘ಆಗುತ್ತದೆ’ ಅಥವಾ ‘ಆಗುವುದಿಲ್ಲ’ ಎಂಬ ಸ್ಪಷ್ಟ ಉತ್ತರ ಸಿಗುತ್ತದೆ. ಒಂದು ತಿಂಗಳು ಕಾದು ನೋಡಿ. ಬೇರೆ ಆಫರ್ ಇರುವ ಸಂಗತಿಯನ್ನು ಈ ಮಾತಿನ ನಡುವೆ ತರಬೇಡಿ. ತಂದರೆ ಕೋರಿಕೆ ಬೆದರಿಕೆಯಾಗಿ ಕೇಳಿಸುತ್ತದೆ.

ನಿಮಗೆ ಕಾನೂನಿನ ಬೆಂಬಲವೂ ಇದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಸಾಮಾನ್ಯ ಕೆಲಸದ ಅವಧಿಯನ್ನು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗೆ ಸೀಮಿತಗೊಳಿಸಿದೆ; ಅದನ್ನು ಮೀರಿದರೆ ದುಪ್ಪಟ್ಟು ದರದ ವೇತನ ಸಲ್ಲಬೇಕು. ಆಡಳಿತಾತ್ಮಕ ಹುದ್ದೆಯಲ್ಲಿರುವವರಿಗೆ ಇದು ಅನ್ವಯಿಸುವುದಿಲ್ಲ. ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳವೇ ಒತ್ತಡದ ಮೂಲವಾಗಿದ್ದರೆ, ಹತ್ತು ಮತ್ತು ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಪ್ರತಿ ಸಂಸ್ಥೆಯಲ್ಲೂ 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕಾದ್ದರಿಂದ, ಕೆಲಸ ಬಿಟ್ಟ ಮೇಲೆ ನೋಡೋಣ ಎಂದು ಮುಂದೂಡಬೇಡಿ.

4. ಬಿಟ್ಟರೆ ಕೈತಪ್ಪುವುದು ಏನು, ಲೆಕ್ಕ ಹಾಕಿ

ಗ್ರಾಚ್ಯುಟಿಯಿಂದ ಆರಂಭಿಸಿ. ಸೇವೆ ಬಿಡುವಾಗ ಮಾಲೀಕರು ಒಮ್ಮೆಗೆ ಕೊಡಬೇಕಾದ ಉಪದಾನದ ಹಣ ಇದು. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಮೊತ್ತ ಸಿಗುತ್ತದೆ. ಮೂಲವೇತನ 40,000 ರೂಪಾಯಿ ಇದ್ದು ಐದು ವರ್ಷ ಪೂರೈಸಿದವರಿಗೆ ಇದು ಸುಮಾರು 1,15,000 ರೂಪಾಯಿ. ಕಾಯಂ ನೌಕರರಿಗೆ ಐದು ವರ್ಷದ ನಿರಂತರ ಸೇವೆ ಬೇಕು. ನಿಗದಿತ ಅವಧಿಯ ಒಪ್ಪಂದದ ನೌಕರರಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಡಿ ಒಂದು ವರ್ಷ ಸಾಕು. ಐದನೆಯ ವರ್ಷದಲ್ಲಿ 240 ದಿನ ದುಡಿದಿದ್ದರೂ ಸಾಕೆಂಬ ಮದ್ರಾಸ್ ಹೈಕೋರ್ಟ್ ತೀರ್ಪು ಇದೆಯಾದರೂ ಎಲ್ಲ ಸಂಸ್ಥೆಗಳೂ ಅದನ್ನು ಒಪ್ಪುವುದಿಲ್ಲ. ನೋಟಿಸ್ ಅವಧಿಯೂ ಸೇವೆಯಲ್ಲಿ ಸೇರುವುದರಿಂದ, ನಾಲ್ಕು ವರ್ಷ ಹತ್ತು ತಿಂಗಳು ಕಳೆದವರು ಎರಡು ತಿಂಗಳ ನೋಟಿಸ್ ಪೂರ್ತಿ ದುಡಿದರೆ ಐದು ವರ್ಷ ತುಂಬುತ್ತದೆ. ರಾಜೀನಾಮೆಯ ದಿನಾಂಕವನ್ನು ಹಾಗೆ ಹೊಂದಿಸಿಕೊಳ್ಳಿ.

ಬಾಂಡ್ ಎಂದರೆ ಇಷ್ಟು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ ಇಷ್ಟು ಹಣ ಕಟ್ಟುತ್ತೇನೆ ಎಂಬ ಕರಾರು. “ಬಾಂಡ್‌ಗೆ ಕೋರ್ಟಿನಲ್ಲಿ ಬೆಲೆಯಿಲ್ಲ” ಎಂದು ಸಹೋದ್ಯೋಗಿಗಳು ಹೇಳುವುದನ್ನು ನಂಬಿ ಕೂರಬೇಡಿ. ಮೂರು ವರ್ಷದೊಳಗೆ ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದಕ್ಕೆ ವ್ಯತಿರಿಕ್ತವಾಗಿ, ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಎಂಬ ಷರತ್ತು 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ಹಾಗೆಂದು ಹಳೆಯ ಕಂಪನಿಯ ಗ್ರಾಹಕರ ಪಟ್ಟಿ, ಕಡತ, ಕೋಡ್‌ಗಳನ್ನು ಕೊಂಡೊಯ್ಯುವ ಹಕ್ಕು ಅದರಿಂದ ಬರುವುದಿಲ್ಲ.

ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೆ ಮುಗಿಯುತ್ತದೆ. ವಯಸ್ಸಾದ ತಂದೆತಾಯಿಯರನ್ನು ಅದರಲ್ಲಿ ಸೇರಿಸಿದ್ದರೆ ಹೊಸ ಕಂಪನಿಯ ವಿಮೆ ಅವರನ್ನು ಒಳಗೊಳ್ಳುತ್ತದೆಯೇ ಎಂದು ಕೇಳಿ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳುವ ಅವಕಾಶವನ್ನು ಕೊನೆಯ ದಿನಕ್ಕೆ ಮುಂಚೆಯೇ ವಿಚಾರಿಸಿ. ಹೊಸದಾಗಿ ಪಾಲಿಸಿ ಕೊಂಡರೆ ಈಗಾಗಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು.

ಗರ್ಭಿಣಿಯರು ಇನ್ನೊಂದು ಲೆಕ್ಕ ನೋಡಬೇಕು. ಹೆರಿಗೆ ಸೌಲಭ್ಯ ಪಡೆಯಲು, ನಿರೀಕ್ಷಿತ ಹೆರಿಗೆಯ ಹಿಂದಿನ ಹನ್ನೆರಡು ತಿಂಗಳಲ್ಲಿ ಆ ಮಾಲೀಕರ ಬಳಿಯೇ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಗೃಹಸಾಲಕ್ಕೆ ಅರ್ಜಿ ಹಾಕಬೇಕೆಂದಿರುವವರು ಸಾಲ ಮಂಜೂರಾಗಿ ಹಣ ಕೈಸೇರುವವರೆಗೆ ಕಾಯುವುದು ಮೇಲು; ಪ್ರೊಬೇಷನ್ ಅವಧಿಯಲ್ಲಿರುವವರಿಗೆ ಬ್ಯಾಂಕುಗಳು ಹಿಂಜರಿಯುತ್ತವೆ.

5. ಹೊಸ ಆಫರ್‌ನ ಮೊತ್ತವನ್ನು ಬಿಡಿಸಿ ನೋಡಿ

ಆಫರ್ ಲೆಟರ್‌ನಲ್ಲಿ ದಪ್ಪಕ್ಷರದಲ್ಲಿರುವ ‘ಸಿಟಿಸಿ’ ನಿಮ್ಮ ಸಂಬಳವಲ್ಲ. ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ. 15 ಲಕ್ಷ ಎಂದು ಕಂಡ ಕೂಡಲೇ 12ರಿಂದ ಭಾಗಿಸಿ ತಿಂಗಳಿಗೆ 1,25,000 ಎಂದುಕೊಳ್ಳುವವರು ಬಹಳ. ಒಂದು ಸಾಮಾನ್ಯ ವಿಂಗಡಣೆ ನೋಡಿ: ಮೂಲವೇತನ ವರ್ಷಕ್ಕೆ 7,50,000 ಎಂದಿಟ್ಟುಕೊಂಡರೆ ಮಾಲೀಕರ ಪಾಲಿನ ಪಿಎಫ್ 90,000, ಗ್ರಾಚ್ಯುಟಿಗಾಗಿ ತೋರಿಸುವ ಸುಮಾರು 36,000, ವಿಮೆಯ ಕಂತು 14,000, ‘ವೇರಿಯಬಲ್’ ಅಂದರೆ ಸಾಧನೆ ನೋಡಿ ಕೊಡುವ ಭಾಗ 2,25,000. ಇಷ್ಟನ್ನು ಕಳೆದರೆ ಉಳಿಯುವುದು 11,35,000, ತಿಂಗಳಿಗೆ ಸುಮಾರು 94,500. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 7,500, ವೃತ್ತಿ ತೆರಿಗೆ 200, ಆಮೇಲೆ ಆದಾಯ ತೆರಿಗೆ. ಕೈಗೆ ಬರುವುದು 87,000ಕ್ಕಿಂತ ಕಡಿಮೆ.

ಈಗಿನ ಪೇ ಸ್ಲಿಪ್‌ನ ‘ಟೇಕ್ ಹೋಮ್’ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಿ. ವೇರಿಯಬಲ್ ಹಣವನ್ನು ಕಳೆದ ವರ್ಷ ಎಷ್ಟು ಪ್ರತಿಶತ ಕೊಟ್ಟರು ಎಂದು ಎಚ್‌ಆರ್‌ಗೆ ನೇರವಾಗಿ ಕೇಳಿ; ಇದು ಸಂಕೋಚಪಡುವ ಪ್ರಶ್ನೆಯಲ್ಲ. ಸೇರುವಾಗ ಕೊಡುವ ಜಾಯಿನಿಂಗ್ ಬೋನಸ್ ಅನ್ನು ಒಂದು ವರ್ಷದೊಳಗೆ ಬಿಟ್ಟರೆ ಹಿಂತಿರುಗಿಸಬೇಕೆಂಬ ಷರತ್ತು ಸಾಮಾನ್ಯ. ಪ್ರೊಬೇಷನ್ ಎಷ್ಟು ತಿಂಗಳು, ಆ ಅವಧಿಯಲ್ಲಿ ಅವರು ನಿಮ್ಮನ್ನು ಎಷ್ಟು ದಿನದ ನೋಟಿಸ್‌ನಲ್ಲಿ ಬಿಡಿಸಬಹುದು ಎಂಬ ಸಾಲನ್ನೂ ಹುಡುಕಿ ಓದಿ. ತರಬೇತಿ ಶುಲ್ಕ, ಭದ್ರತಾ ಠೇವಣಿ ಎಂದು ನಿಮ್ಮಿಂದಲೇ ಹಣ ಕೇಳುವ ಆಫರ್ ಮೋಸದ್ದು, ಅಲ್ಲಿಗೇ ನಿಲ್ಲಿಸಿ.

6. ಅಲ್ಲಿನ ಒತ್ತಡವನ್ನೂ ವಿಚಾರಿಸಿ

ಎರಡನೆಯ ಹಂತದಲ್ಲಿ ಬರೆದ ನಮೂದುಗಳು ಈಗ ಕೆಲಸಕ್ಕೆ ಬರುತ್ತವೆ. ನಿಮ್ಮನ್ನು ಅತಿ ಹೆಚ್ಚು ಬಾಧಿಸಿದ ಮೂರು ಸಂಗತಿಗಳನ್ನು ಪ್ರಶ್ನೆಗಳಾಗಿಸಿ, ನಿಮ್ಮ ಮೇಲಧಿಕಾರಿಯಾಗಲಿರುವವರಿಗೇ ಕೇಳಿ. “ಈ ಹುದ್ದೆಯಲ್ಲಿ ಮೊದಲಿದ್ದವರು ಯಾಕೆ ಬಿಟ್ಟರು?”, “ತಂಡದಲ್ಲಿ ಈಗ ಎಷ್ಟು ಹುದ್ದೆ ಖಾಲಿಯಿವೆ?”, “ಕಳೆದ ತಿಂಗಳು ಎಷ್ಟು ಶನಿವಾರ ಕೆಲಸವಿತ್ತು?” ಇಂಥ ಪ್ರಶ್ನೆಗಳಿಗೆ ತಡವರಿಸದ ಉತ್ತರ ಸಿಗಬೇಕು. “ನಮ್ಮದು ಒಂದು ಕುಟುಂಬದಂತೆ” ಎಂಬುದು ಉತ್ತರವಲ್ಲ. ಅಲ್ಲಿ ಈಗ ಇರುವ ಒಬ್ಬರ ಜೊತೆ, ಬಿಟ್ಟು ಹೋದ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿ. ಅಂತರ್ಜಾಲದ ವಿಮರ್ಶೆಗಳಿಗಿಂತ ಇದಕ್ಕೆ ಬೆಲೆ ಹೆಚ್ಚು ಎಂಬುದು ನನ್ನ ಅನುಭವ.

ಪ್ರಯಾಣವನ್ನು ಮ್ಯಾಪ್ ನೋಡಿ ಅಂದಾಜಿಸಬೇಡಿ. ಒಂದು ಕೆಲಸದ ದಿನ, ಕಚೇರಿಯ ವೇಳೆಗೇ, ಮನೆ ಬಾಗಿಲಿನಿಂದ ಹೊಸ ಕಚೇರಿಯ ಗೇಟಿನವರೆಗೆ ಹೋಗಿ, ಸಂಜೆ ವಾಪಸ್ ಬನ್ನಿ. ಬೆಂಗಳೂರಿನಲ್ಲಿ ವೈಟ್‌ಫೀಲ್ಡ್ ಕಡೆಗೆ ನೇರಳೆ ಮಾರ್ಗ, 2025ರ ಆಗಸ್ಟ್‌ನಿಂದ ಬೊಮ್ಮಸಂದ್ರದ ಕಡೆಗೆ ಹಳದಿ ಮಾರ್ಗ ಇರುವುದರಿಂದ ಮೆಟ್ರೊ ನಿಲ್ದಾಣಗಳ ಹತ್ತಿರವಿರುವವರ ಲೆಕ್ಕ ಬದಲಾಗಿದೆ. ಆದರೆ ನಿಲ್ದಾಣದಿಂದ ಕಚೇರಿಯವರೆಗಿನ ಕೊನೆಯ ಎರಡು ಮೂರು ಕಿಲೋಮೀಟರ್ ಎಷ್ಟೋ ಸಲ ಮೆಟ್ರೊದಲ್ಲಿ ಕಳೆದಷ್ಟೇ ಹೊತ್ತು ತಿನ್ನುತ್ತದೆ.

7. ನಿರ್ಧರಿಸಿ

ಎರಡು ಹಾಳೆ ತೆಗೆದುಕೊಳ್ಳಿ. ಒಂದರಲ್ಲಿ, ಹೊಸ ಆಫರ್ ಬಂದೇ ಇರಲಿಲ್ಲ ಎಂದುಕೊಂಡು, ಈಗಿನ ಕೆಲಸದಲ್ಲಿ ಇನ್ನೊಂದು ವರ್ಷ ಇರಬಲ್ಲಿರಾ ಎಂಬುದಕ್ಕೆ ಉತ್ತರ ಬರೆಯಿರಿ. ಇನ್ನೊಂದರಲ್ಲಿ, ನೀವು ಈಗ ನೆಮ್ಮದಿಯ ಕೆಲಸದಲ್ಲಿದ್ದೀರಿ ಎಂದುಕೊಂಡು, ಆಗಲೂ ಈ ಆಫರ್ ಒಪ್ಪುತ್ತಿದ್ದಿರಾ ಎಂಬುದಕ್ಕೆ ಉತ್ತರಿಸಿ. ಮೊದಲ ಹಾಳೆಯಲ್ಲಿ ‘ಇರಲಾರೆ’, ಎರಡನೆಯದರಲ್ಲಿ ‘ಒಪ್ಪುತ್ತಿದ್ದೆ’ ಎಂದು ಬಂದರೆ ಹೊರಡಿ. ‘ಇರಲಾರೆ, ಆದರೆ ಇದನ್ನು ಒಪ್ಪುತ್ತಿರಲಿಲ್ಲ’ ಎಂದು ಬಂದರೆ ಈ ಆಫರ್ ಬಿಟ್ಟು ಹುಡುಕಾಟ ಮುಂದುವರಿಸಿ. ‘ಇರಬಲ್ಲೆ’ ಎಂದು ಬಂದರೆ ಮೂರನೆಯ ಹಂತವನ್ನು ಇನ್ನೊಮ್ಮೆ ಪ್ರಯತ್ನಿಸಿ, ಮರುಪರಿಶೀಲನೆಗೆ ಒಂದು ದಿನಾಂಕ ಗೊತ್ತು ಮಾಡಿಕೊಳ್ಳಿ.

ನಿಮ್ಮ ಆದಾಯವನ್ನು ನೆಚ್ಚಿಕೊಂಡವರಿಗೆ ಈ ಹಾಳೆಗಳನ್ನು ತೋರಿಸಿ. ಬೇರೆ ಕೆಲಸವಿಲ್ಲದೆ ಬಿಡಬೇಕಾದ ಪರಿಸ್ಥಿತಿಯಿದ್ದರೆ ಬಾಡಿಗೆ, ಕಂತು, ಮಕ್ಕಳ ಫೀಸು ಸೇರಿ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಬೇಕು. ಮೊದಲ ಹಂತದಲ್ಲಿ ಹೇಳಿದ ತುರ್ತು ಸ್ಥಿತಿ ಮಾತ್ರ ಇದಕ್ಕೆ ಅಪವಾದ.

8. ರಾಜೀನಾಮೆ ಕೊಡುವ ಕ್ರಮ

ಸಹಿಯಾದ ಆಫರ್ ಲೆಟರ್ ಕೈಗೆ ಬಂದು, ನೀವು ಒಪ್ಪಿ ಉತ್ತರಿಸಿ, ಸೇರುವ ದಿನಾಂಕ ಖಚಿತವಾಗುವವರೆಗೆ ರಾಜೀನಾಮೆ ಕೊಡಬೇಡಿ. ಎಚ್‌ಆರ್ ಫೋನಿನಲ್ಲಿ ಕೊಟ್ಟ ಭರವಸೆ ಆಫರ್ ಅಲ್ಲ. ಅದಕ್ಕೂ ಮೊದಲು ನೇಮಕಾತಿ ಪತ್ರದಲ್ಲಿ ನೋಟಿಸ್ ಅವಧಿ 30, 60, 90 ದಿನಗಳಲ್ಲಿ ಯಾವುದೆಂದು ನೋಡಿ. ಹಣ ಕಟ್ಟಿ ಅದನ್ನು ಮೊಟಕುಗೊಳಿಸುವ ಅವಕಾಶ ಯಾರ ಇಚ್ಛೆಗೆ ಬಿಟ್ಟದ್ದು ಎಂಬುದನ್ನೂ ಗಮನಿಸಿ; “ಸಂಸ್ಥೆಯ ಒಪ್ಪಿಗೆಯ ಮೇರೆಗೆ” ಎಂದಿದ್ದರೆ ಹಣ ಕೊಡಲು ಸಿದ್ಧರಿದ್ದರೂ ಅವರು ಬಿಡದೆ ಹೋಗಬಹುದು.

ಪತ್ರ ಚಿಕ್ಕದಾಗಿರಲಿ: “ವೈಯಕ್ತಿಕ ಕಾರಣಗಳಿಂದ ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ನೇಮಕಾತಿ ಪತ್ರದ ಪ್ರಕಾರ ನನ್ನ ಕೊನೆಯ ಕೆಲಸದ ದಿನ ಇಂಥ ದಿನಾಂಕವಾಗಿರುತ್ತದೆ. ದಯವಿಟ್ಟು ಸ್ವೀಕೃತಿ ತಿಳಿಸಿ.” ದೂರುಗಳನ್ನು ಅದರಲ್ಲಿ ಬರೆಯಬೇಡಿ. ಇಮೇಲ್‌ನಲ್ಲೇ ಕಳಿಸಿ, ಸ್ವೀಕೃತಿಯ ಉತ್ತರವನ್ನು ನಿಮ್ಮ ಸ್ವಂತ ಖಾತೆಯಲ್ಲಿ ಉಳಿಸಿಕೊಳ್ಳಿ.

ಸಂಬಳ ಹೆಚ್ಚಿಸುತ್ತೇವೆ, ಇರಿ ಎಂಬ ಮರು ಆಫರ್ ಬರಬಹುದು. ನಿಮ್ಮ ಒತ್ತಡದ ಮೂಲ ಸಂಬಳವಾಗಿರದಿದ್ದರೆ ಹೆಚ್ಚಿದ ಸಂಬಳ ಅದನ್ನು ನೀಗಿಸುವುದಿಲ್ಲ. ನಾನು ಇದನ್ನು ಒಪ್ಪಬೇಡಿ ಎಂದೇ ಹೇಳುತ್ತೇನೆ.

ಹೊರಡುವ ಮುನ್ನ ರಿಲೀವಿಂಗ್ ಲೆಟರ್ (ಸೇವೆಯಿಂದ ಬಿಡುಗಡೆಯಾದ ಪತ್ರ), ಅನುಭವ ಪತ್ರ, ಎಲ್ಲ ಪೇ ಸ್ಲಿಪ್‌ಗಳನ್ನು ಕೇಳಿ ಪಡೆಯಿರಿ. ಲ್ಯಾಪ್‌ಟಾಪ್, ಗುರುತಿನ ಚೀಟಿ ಹಿಂತಿರುಗಿಸಿದ್ದಕ್ಕೆ ಲಿಖಿತ ರಸೀದಿ ತೆಗೆದುಕೊಳ್ಳಿ. ರಾಜೀನಾಮೆ ಕೊಟ್ಟು ಹೋಗುವವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ತಿಂಗಳುಗಟ್ಟಲೆ ಎಳೆದರೆ ಇದನ್ನು ಉಲ್ಲೇಖಿಸಿ ಬರೆಯಿರಿ.

9. ಸೇರಿದ ಮೊದಲ ತಿಂಗಳಲ್ಲಿ

ಹಳೆಯ ಯುಎಎನ್, ಅಂದರೆ ಪಿಎಫ್‌ನ ಸಾರ್ವತ್ರಿಕ ಖಾತೆ ಸಂಖ್ಯೆಯನ್ನೇ ಹೊಸ ಕಂಪನಿಗೆ ಕೊಡಿ; ಇನ್ನೊಂದನ್ನು ಮಾಡಿಸಿಕೊಳ್ಳಬೇಡಿ. ಹಣವನ್ನು ಹಿಂಪಡೆಯದೆ ವರ್ಗಾಯಿಸಿಕೊಳ್ಳಿ: ಐದು ವರ್ಷದ ನಿರಂತರ ಸೇವೆಗೆ ಮುನ್ನ ತೆಗೆದರೆ ತೆರಿಗೆ ಬೀಳುತ್ತದೆ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಯ ಲೆಕ್ಕವೂ ಕೆಡುತ್ತದೆ. ಹಳೆಯ ಕಂಪನಿ ನಿಮ್ಮ ನಿರ್ಗಮನ ದಿನಾಂಕವನ್ನು ನಮೂದಿಸಿದೆಯೇ ಎಂದು ಪೋರ್ಟಲ್‌ನಲ್ಲಿ ನೋಡಿ. ನಮೂದಿಸದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ನಂತರ ನೀವೇ ನಮೂದಿಸಬಹುದು. ಆ ದಿನಾಂಕ ಹೊಸ ಕಂಪನಿಗೆ ಸೇರಿದ ದಿನಕ್ಕಿಂತ ಮುಂದಿನದಾಗಿದ್ದರೆ ಏಕಕಾಲಕ್ಕೆ ಎರಡು ಕಡೆ ದುಡಿದಂತೆ ಕಾಣುವುದರಿಂದ ಕೂಡಲೇ ಸರಿಪಡಿಸಿಕೊಳ್ಳಿ.

ವರ್ಷದ ನಡುವೆ ಬದಲಾಯಿಸಿದವರು ಹಿಂದಿನ ಕಂಪನಿಯಲ್ಲಿ ಪಡೆದ ಸಂಬಳ, ಕಡಿತವಾದ ತೆರಿಗೆಯ ವಿವರವನ್ನು ಹೊಸ ಕಂಪನಿಯ ಪೇರೋಲ್ ವಿಭಾಗಕ್ಕೆ ಲಿಖಿತವಾಗಿ ಕೊಡಲೇಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ, ಅರ್ಧ ವರ್ಷದ ಸಂಬಳವನ್ನಷ್ಟೇ ನೋಡುವ ಎರಡೂ ಕಂಪನಿಗಳು ತೆರಿಗೆ ಕಡಿತ ಮಾಡದೆ ಬಿಡುವುದುಂಟು. ಆಗ ರಿಟರ್ನ್ಸ್ ಸಲ್ಲಿಸುವ ಜುಲೈ ತಿಂಗಳಲ್ಲಿ ಪೂರ್ತಿ ತೆರಿಗೆಯನ್ನು ಬಡ್ಡಿ ಸಮೇತ ಒಮ್ಮೆಗೇ ಕಟ್ಟಬೇಕಾಗುತ್ತದೆ.